ಅಲ್ಲಿ ಈಗ ಹಗಲಾ?

ಆಂಟಿಗುವಾಕ್ಕೆ ಯಾಕೆ ಹೋಗಿದ್ದಿ ಅಂತ
ಬ್ರೂಸ್‌ಪೇಟೆಯಲ್ಲಿ ಎಲ್ಲರೂ ಕೇಳುತ್ತಾರೆ.
ಟೆಸ್ಟ್ ಮ್ಯಾಚಿಗೆ ಅನ್ನುತ್ತೇನೆ. ನಗುತ್ತಾರೆ.
ಮೂರೇ ದಿನಕ್ಕೆ ಮುಗಿದ ಟೆಸ್ಟಿಗಾಗಿ
ಎರಡು ಕಾಜಾ ಮಷೀನು ಮಾರಿ ಹೋದವನು
ಬಳ್ಳಾರಿಯಲ್ಲಿ ನಾನೊಬ್ಬನೇ ಇರಬೇಕು.
ಸುಂಕಮ್ಮ ಮಾತ್ರ ನಗಲಿಲ್ಲ.
ಆ ಮಷೀನುಗಳ ಮುಂದೆ ಕುಂತು ಬೆನ್ನು ಸವೆಸಿದವಳು ಅವಳು.

ನಿಜ ಹೇಳಬೇಕಂದರೆ
ನಾನು ಹೋದದ್ದು ಬಿಸಿಲು ನೋಡಲಿಕ್ಕೆ.
ಬಳ್ಳಾರಿಯವನು ಬಿಸಿಲು ನೋಡಲು ಸಮುದ್ರ ದಾಟಿದ ಅಂದರೆ
ಮೋತಿ ಸರ್ಕಲ್ಲಿನ ಮಿರ್ಚಿ ಬಂಡಿಯವನೂ
ಝಾರಿಯನ್ನು ಎಣ್ಣೆಯಲ್ಲೇ ಬಿಟ್ಟು ಮುಖ ನೋಡುತ್ತಾನೆ.
ಅದಕ್ಕೇ ಹೇಳುವುದಿಲ್ಲ.

ಅಪ್ಪ ಜೈಲಿನ ವಾರ್ಡರು. ರಾತ್ರಿ ಪಾಳಿ.
ಖಾಕಿ ಅಂಗಿಯೊಳಗೆ, ಹೊಟ್ಟೆಗೆ ಅವುಚಿ, ಟ್ರಾನ್ಸಿಸ್ಟರು.
ನಮ್ಮವರು ವೆಸ್ಟಿಂಡೀಸಿಗೆ ಹೋದ ವರ್ಷ
ಅಲ್ಲಿ ಆಟ ಶುರುವಾಗುವಾಗ ಇಲ್ಲಿ ದೀಪ ಹತ್ತುತ್ತಿದ್ದವು.
ಗರಗರದ ನಡುವೆ ಒಂದು ಹೆಸರು,
ಒಂದು ಚಪ್ಪಾಳೆ, ಮತ್ತೆ ಗರಗರ.
ಒಳಗಿನವರಿಗೂ ಬೇಕಲ್ಲ ಸುದ್ದಿ?
ಮಾತಾಡುವ ಹಾಗಿಲ್ಲ. ಲಾಠಿ ಇತ್ತು.
ವಿಕೆಟ್ಟಿಗೆ ಕಂಬಿಯ ಮೇಲೆ ಒಂದು ತಟ್ಟು,
ಬೌಂಡರಿಗೆ ಎರಡು.
ಬಿದ್ದದ್ದು ಯಾರ ವಿಕೆಟ್ಟು ಅಂತ ತಟ್ಟಿನಲ್ಲಿ ತಿಳಿಯುತ್ತಿರಲಿಲ್ಲ.
ಬೆಳಗಿನ ತನಕ ಬ್ಯಾರಕ್ಕಿನಲ್ಲಿ ಅದೇ ಪಿಸುಜಗಳ.

ಹುಲುಗಪ್ಪ ಅಂತ ಒಬ್ಬನಿದ್ದ, ಕುರುಗೋಡಿನ ಕಡೆಯವನು.
ಕೊಡಲಿ ಕೇಸು.
ಅವನಿಗೆ ಆಟ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.
ನಡುರಾತ್ರಿ ಕಂಬಿಗೆ ಹಣೆ ಆನಿಸಿ ಕೇಳುತ್ತಿದ್ದನಂತೆ:
'ಅಲ್ಲಿ ಈಗ ಹಗಲಾ, ಸಾಮಿ?'
'ಹಗಲು.'
ಸ್ವಲ್ಪ ಹೊತ್ತು ಬಿಟ್ಟು:
'ಇನ್ನಾ ಐತಾ?'
'ಐತೆ. ಮಲಕ್ಕ.'
ಅಪ್ಪ ಇದನ್ನು ರೊಟ್ಟಿ ಮುರಿಯುತ್ತ ನಗುನಗುತ್ತ ಹೇಳುತ್ತಿದ್ದ.
ಕೊನೆಯ ವರ್ಷ ಒಮ್ಮೆ ನಗದೆ ಹೇಳಿದ:
'ಮಳೆ ಬಂದು ಆಟ ನಿಂತ ದಿನಾನೂ
ಬಿಸಿಲೈತೆ ಅಂದೀನಿ ಲೇ.
ನಾನೇನು ನೋಡಿದ್ನಾ?'
ಹುಲುಗಪ್ಪ ಆಮೇಲೆ ಏನಾದ ಅಂತ
ಕೇಳಲು ಮರೆತೆ.

ವಿಮಾನ ನಿಲ್ದಾಣದ ಕೌಂಟರಿನ ಹೆಂಗಸು ಎಲ್ಲಿಂದ ಅಂದಳು.
ಬಳ್ಳಾರಿ ಅಂದೆ. ಇಂಡಿಯಾ ಅಂತ ಬರಕೊಂಡಳು.

ಬಿಸಿಲು ಇತ್ತು.
ನಮ್ಮದರ ಹಾಗೆ ನೆತ್ತಿ ಮೇಲೆ ಕುಂತು ಏಳದೇ ಇರುವುದಲ್ಲ,
ಉಪ್ಪುಗಾಳಿಯಲ್ಲಿ ಆಗಾಗ ಎದ್ದು ಅಡ್ಡಾಡಿ ಬರುವಂಥದು.
ಗ್ಯಾಲರಿಯಲ್ಲಿ ಯಾರೋ ಶಂಖ ಊದಿದರು.
ಮಂಗಳಾರತಿ ಅನ್ನುವ ಹಾಗೆ ಎದ್ದು ನಿಂತೆ,
ನಾಚಿ ಕುಂತೆ.
ಮುಂದಿನ ಸಾಲಿನವನ ಜೀನ್ಸಿನ ಹಿಂಜೇಬು ಬಗ್ಗಿ ನೋಡಿದೆ:
ನಮ್ಮ ಹೊಲಿಗೆಯಲ್ಲ.

ಉಳಿದ ಎರಡು ದಿನ ಟ್ಯಾಕ್ಸಿಯ ಕತ್‌ಬರ್ಟ್ ಜತೆ.
ಊರ ನಡುವಿನ ಹಳೆಯ ಮೈದಾನಕ್ಕೆ ಕರೆದೊಯ್ದ.
ಪಕ್ಕದ ಆ ಗೋಡೆ ಏನು ಅಂದೆ.
ಜೈಲು, ಅಂದ.
ಆಗೆಲ್ಲ ಪಿಚ್ಚಿನ ಮೇಲೆ ರೋಲರು ಎಳೆಯುತ್ತಿದ್ದವರು
ಆ ಒಳಗಿನವರೇ, ಅಂದ.
ಎಳೆದು, ಸಾಲಾಗಿ ಒಳಗೆ ಹೋಗಿ,
ಗೋಡೆಯಾಚೆಯ ಕೂಗಿಗೆ ಕಿವಿಕೊಟ್ಟು ಕುಂತಿರುವುದು.
ಕೂಗು ಕೇಳುತ್ತದೆ, ಔಟಾದದ್ದು ಯಾರು ಅಂತ ಮಾತ್ರ...
ನಾನು ಅವನ ಭುಜ ಹಿಡಿದುಕೊಂಡೆ.
ಅವನಿಗೆ ಏನನ್ನಿಸಿತೋ,
ಕಾರಿನಿಂದ ನೀರು ತಂದುಕೊಟ್ಟ.

ಹೊತ್ತು ಎರಡೂವರೆ. ಬಳ್ಳಾರಿಯಲ್ಲಿ ನಡುರಾತ್ರಿ.
ಗೋಡೆಯ ನೆರಳು ಬಿಟ್ಟು ಈಚೆ ಬಂದು
ಫೋನು ಮಾಡಿದೆ. ಸುಂಕಮ್ಮ ಗಾಬರಿಯಲ್ಲಿ:
'ಏನಾತು? ದುಡ್ಡು ಖಾಲಿ ಆತಾ?'
'ಇಲ್ಲ. ಇಲ್ಲಿ ಹಗಲೈತೆ.'
ಆ ಕಡೆ ಫ್ಯಾನಿನ ಸದ್ದು. ಬಹಳ ಹೊತ್ತು.
'ಇರ್ಲಿ,' ಅಂದಳು, 'ಟೋಪಿ ಹಾಕ್ಕ.'